ಲೆಕ್ಕಕ್ಕಿಂತ ಒಂದು ಕಾಗದ ಹೆಚ್ಚು

ಪುಸ್ತಕದ ಕೋಣೆಯಲ್ಲಿ ಎರಡು ವಾರದಿಂದ ಎರಡು ರಾಶಿ ಬೆಳೆಯುತ್ತಿದ್ದವು. ಕಿಟಕಿಯ ಪಕ್ಕದ ಮರದ ಪೆಟ್ಟಿಗೆಗೆ ಬೀಳುವುದು ಸರ್ಕಾರಿ ಕಾಗದ, ಮೇಜಿನ ಕೆಳಗಿನ ಬೆತ್ತದ ಬುಟ್ಟಿಗೆ ಬೀಳುವುದು ಖಾಸಗಿ ಕಾಗದ. ಹಿಂದಿನ ವರ್ಷ ತೀರಿಕೊಂಡ, ಅಮೆರಿಕದ ಮಾಜಿ ಅಧ್ಯಕ್ಷರ ಸರ್ಕಾರಿ ಪತ್ರಗಳನ್ನೆಲ್ಲ ಸರ್ಕಾರವೇ ಕೊಂಡುಕೊಂಡಿದ್ದರಿಂದ ಪೆಟ್ಟಿಗೆ ರಾಜಧಾನಿಗೆ ಹೋಗಬೇಕಿತ್ತು. ಬುಟ್ಟಿಯ ದಾರಿ ಅಷ್ಟು ದೂರದ್ದಲ್ಲ. ದಿನಾ ಮಧ್ಯಾಹ್ನ ನಾಲ್ಕಕ್ಕೆ ಅದು ನಡುಮನೆ ದಾಟಿ ಅಧ್ಯಕ್ಷರ ತಮ್ಮನ ಮಗ ಆಂಬ್ರೋಸ್ ಟಾಲ್ಬರ್ಟನ ಕೋಣೆ ಸೇರುತ್ತಿತ್ತು. ಆತ ಬೆಂಕಿಗೂಡಿನ ಮುಂದೆ ಕಾಲು ಚಾಚಿ ಕೂತು ಒಂದೊಂದನ್ನೇ ಓದಿ, ಮನೆತನಕ್ಕೆ ಮುಜುಗರ ತರುವಂಥದ್ದನ್ನೂ ತನ್ನ ಜೇಬಿಗೆ ಕಷ್ಟ ತರುವಂಥದ್ದನ್ನೂ ಬೆಂಕಿಗೆ ಹಾಕುತ್ತಿದ್ದ. ವರ್ಜೀನಿಯದಲ್ಲಿ ಆ ಅಕ್ಟೋಬರಿನಲ್ಲಿ ಅಂಥ ಚಳಿಯೇನೂ ಇರಲಿಲ್ಲ. ಆದರೂ ಆ ಕೋಣೆ ಮಾತ್ರ ಬೆಚ್ಚಗಿರುತ್ತಿತ್ತು.

ಬುಟ್ಟಿ ಹೊತ್ತೊಯ್ಯುವುದು ಕೆಜಾಯಳ ಕೆಲಸ. ನಲವತ್ತಮೂರು ವರ್ಷದ ಹೆಂಗಸು, ಇದೇ ಮನೆಯಲ್ಲಿ ಹುಟ್ಟಿದ ಗುಲಾಮಳು. ಕಾಗದಗಳ ಧೂಳು ಹೊಡೆಯುವುದು, ಕಾಗದದ ಕಟ್ಟುಗಳಿಗೆ ಕೆಂಪು ಬಟ್ಟೆಪಟ್ಟಿ ಬಿಗಿಯುವುದು, ಶಾಯಿ ಬೆರೆಸುವುದು, ಎಲ್ಲಕ್ಕೂ ಅವಳೇ. ಕಾಗದ ವಿಂಗಡಿಸಲು ಬಂದಿದ್ದವನು ಆಬೆಲ್ ಸ್ಟಿಕ್ನಿ ಎಂಬ ಬಡಕಲು ಗುಮಾಸ್ತ, ಉತ್ತರದ ಕಡೆಯವನು. ಅವನು ಕೈ ಚಾಚಿದಾಗಲೆಲ್ಲ ಕೆಜಾಯಳ ಕಣ್ಣು ಆ ಕೈಯ ಹಿಂದೆಯೇ ಹೋಗುತ್ತಿತ್ತು. ಅವಳು ಕಾಯುತ್ತಿದ್ದದ್ದು ಒಂದೇ ಒಂದು ಕಾಗದಕ್ಕೆ. ಅದು ಪೆಟ್ಟಿಗೆಗೆ ಬಿದ್ದರೆ ಅವಳ ಮಗಳು ಲೆಟ್ಟಿ ಉಳಿಯುತ್ತಾಳೆ, ಬುಟ್ಟಿಗೆ ಬಿದ್ದರೆ ಇಲ್ಲ.

ಕಾಗದದಲ್ಲಿ ಏನಿದೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದೆ ಎಂಬುದು ಬೇರೆ ಯಾರಿಗೂ ಗೊತ್ತಿರಲಿಲ್ಲ. ಗುಲಾಮರಿಗೆ ಓದು ನಿಷಿದ್ಧ, ಗೊತ್ತಾಗಿದ್ದರೆ ಅವಳ ಬೆನ್ನಿನ ಚರ್ಮ ಉಳಿಯುತ್ತಿರಲಿಲ್ಲ.

ದೊಡ್ಡ ಧಣಿಗಳು, ಅಂದರೆ ಅಧ್ಯಕ್ಷರು, ಯಾವ ಪತ್ರ ಬರೆದರೂ ಪ್ರತಿ ಇಟ್ಟುಕೊಳ್ಳದೆ ಕಳಿಸುತ್ತಿರಲಿಲ್ಲ. ಬರೆದ ಹಾಳೆಯ ಶಾಯಿ ಆರುವ ಮುಂಚೆ ಅದರ ಮೇಲೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಒದ್ದೆ ಹಾಳೆ ಹಾಸಿ, ಕಬ್ಬಿಣದ ಒತ್ತುಯಂತ್ರದಲ್ಲಿಟ್ಟು ತಿರುಪು ಬಿಗಿದರೆ ಅಕ್ಷರವೆಲ್ಲ ತೆಳು ಹಾಳೆಗೆ ಇಳಿಯುತ್ತದೆ. ಒತ್ತಿದ ಮಗ್ಗುಲಿನಲ್ಲಿ ಅಕ್ಷರ ತಿರುಗುಮುರುಗು. ಹಾಳೆಯನ್ನು ಮಗುಚಿ ಹಿಂದಿನಿಂದ ನೋಡಿದರೆ ನೆಟ್ಟಗೆ ಕಾಣುತ್ತದೆ. ಆ ಒದ್ದೆ ಹಾಳೆಗಳನ್ನು ತಯಾರು ಮಾಡಿ ತಿರುಪು ಬಿಗಿಯುತ್ತಿದ್ದವಳು ಕೆಜಾಯ, ಇಪ್ಪತ್ತೆರಡು ವರ್ಷ. ಮುಖ್ಯವಾದ ಪತ್ರವಾದರೆ ಎರಡು ಹಾಳೆ ನೆನೆಸಬೇಕು. ಮೊದಲ ಪ್ರತಿ ತೆಗೆದ ಕೂಡಲೇ ಎರಡನೆಯದನ್ನು ಒತ್ತಿದರೆ ಮಂಕಾಗಿಯಾದರೂ ಬರುತ್ತದೆ, ಒಂದು ಸರ್ಕಾರಕ್ಕೆ, ಒಂದು ಮನೆಯ ಪ್ರತಿಪುಸ್ತಕಕ್ಕೆ. ಹಾಗಾಗಿ ಎರಡು ನೆನೆಸುವುದೇ ಅವಳ ಕೈಗೆ ರೂಢಿಯಾಗಿಹೋಗಿತ್ತು.

ಇಪ್ಪತ್ತೆರಡು ವರ್ಷ ದಿನಕ್ಕೆ ಹತ್ತು ಸಲ ಒಂದನ್ನೇ ನೋಡಿದರೆ ಕಲ್ಲಿಗೂ ಅಕ್ಷರ ಬರುತ್ತದೆ. ಧಣಿಗಳು ಪತ್ರವನ್ನು ಗಟ್ಟಿಯಾಗಿ ಓದಿಕೊಂಡು ಬರೆಯುವರು, ಅವಳು ಅದೇ ಪತ್ರದ ಉಲ್ಟಾ ಅಕ್ಷರ ನೋಡುತ್ತ ಹಾಳೆ ಎತ್ತುವಳು. ಕಿವಿಗೆ ಬಿದ್ದದ್ದೂ ಕಣ್ಣಿಗೆ ಬಿದ್ದದ್ದೂ ಯಾವಾಗಲೋ ಕೂಡಿಕೊಂಡವು. ನೆಟ್ಟಗಿನ ಬರಹ ಅವಳಿಗೆ ಇವತ್ತಿಗೂ ತಡವರಿಕೆ. ಉಲ್ಟಾ ಬರಹವನ್ನು ಮಾತ್ರ ನೀರು ಕುಡಿದಷ್ಟು ಸಲೀಸಾಗಿ ಓದಬಲ್ಲಳು. ಲೋಕದಲ್ಲಿ ಇಂಥ ವಿದ್ಯೆ ಇನ್ನಾರಿಗಿತ್ತೋ ದೇವರಿಗೇ ಗೊತ್ತು.

ಹೋದ ವರ್ಷ ಧಣಿಗಳು ಹಾಸಿಗೆ ಹಿಡಿಯುವ ಹಿಂದಿನ ದಿನ ಕೌಂಟಿ ಕೋರ್ಟಿನ ಗುಮಾಸ್ತರಿಗೆ ಒಂದು ಪತ್ರ ಬರೆದರು. ಅದನ್ನು ಮಾತ್ರ ಗಟ್ಟಿಯಾಗಿ ಓದಲಿಲ್ಲ. ಪಾದ್ರಿಯನ್ನೂ ಡಾಕ್ಟರನ್ನೂ ಕರೆಸಿ, ಮೇಲಿನ ಬರಹ ಮಡಿಸಿಟ್ಟು ಬುಡದಲ್ಲಿ ಅವರ ಸಾಕ್ಷಿ ಹಾಕಿಸಿ, ತಮ್ಮ ಸಹಿ ಮಾಡಿ, ಕೆಂಪರಗಿನ ಮುದ್ರೆ ಒತ್ತಿದರು. ಡಾಕ್ಟರು ಬರುವುದು ತಡವಾಗಿ ಶಾಯಿ ಅರ್ಧ ಆರಿಹೋಗಿತ್ತು, ಪ್ರತಿ ತೀರ ಮಂಕಾಗಿ ಬಂತು. ಆದರೂ ಹಾಳೆ ಎತ್ತುವಾಗ ಕೆಜಾಯಳ ಕಣ್ಣಿಗೆ ಮೊದಲು ಬಿದ್ದದ್ದು ಮಗಳ ಹೆಸರು. 'ನನ್ನ ಸಾರೋಟು ಹೊಡೆಯುತ್ತಿದ್ದ ಜೂಬ, ಉಕ್ಕಿದ ಹೊಳೆಯಲ್ಲಿ ಸರ್ಕಾರದ ಪತ್ರದ ಪೆಟ್ಟಿಗೆಯನ್ನು ದಡಕ್ಕೆ ತಂದುಕೊಟ್ಟು ತಾನು ಮುಳುಗಿ ಸತ್ತನಾಗಿ, ಅವನ ಮಗಳು ಲೆಟಿಸ್ ನನ್ನ ಮರಣದ ದಿನದಿಂದ ಸ್ವತಂತ್ರಳು.' ಕೆಜಾಯ ಮೂಲಪತ್ರವನ್ನು ಗಟ್ಟಿಯಾಗಿ ಹಿಡಿದುಬಿಟ್ಟಳು, ಅದರ ಮೂಲೆಯಲ್ಲಿ ಹೆಬ್ಬೆರಳಿನ ಶಾಯಿಗುರುತು ಬಿತ್ತು. ಧಣಿಗಳು ಆ ಗುರುತನ್ನು ನೋಡಿದರು. ಕೋರ್ಟು ಕೂಡುವ ದಿನ ಕಳಿಸಿದರಾಯಿತು ಎಂದು ಪತ್ರವನ್ನು ಖಾನೆಯಲ್ಲಿಟ್ಟರು. ಆ ದಿನ ಬರುವಷ್ಟರಲ್ಲಿ ಅವರೇ ಇರಲಿಲ್ಲ.

ಒಳ್ಳೆಯ ಮನಸ್ಸಿನವರು ನಾಳೆಗೆ ಇಡುತ್ತಾರೆ, ಕೆಟ್ಟ ಮನಸ್ಸಿನವರು ಇವತ್ತೇ ಮುಗಿಸುತ್ತಾರೆ. ಇದನ್ನು ನಾನು ಆ ಮನೆಯಲ್ಲಿ ಮಾತ್ರ ಕಂಡದ್ದಲ್ಲ, ಎಲ್ಲ ಕಡೆ ಕಂಡಿದ್ದೇನೆ.

ಮಂಗಳವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಸೂಕಿ ಜೋಳದ ರೊಟ್ಟಿ ತಟ್ಟುತ್ತಿದ್ದಳು. ಕೆಜಾಯ ಬಿಸಿನೀರಿಗೆ ಹೋದಾಗ ತಲೆ ಎತ್ತದೆಯೇ ಅಂದಳು.

"ಗುರುವಾರ ಬರ್ತಾನಂತೆ ಕಣೆ, ಆ ಹಾಳಾದೋನು, ಆಳುಗಳ್ನ ಕೊಂಡು ಮಾರೋ ಗಾಲ್ಟ್. ಬಂಡಿ ಕಟ್ಕೊಂಡು."

"ಯಾರ್‍ಯಾರನ್ನ?"

"ಕಮ್ಮಾರನ ಇಬ್ರು ಮಕ್ಳು. ಆಮೇಲೆ..." ಸೂಕಿ ರೊಟ್ಟಿ ಮಗುಚಿದಳು. "ನಿನ್ನ ಹುಡುಗೀನೂ ಅಂತೆ. ಹದಿನೇಳು ವರ್ಷ, ಹೊಲಿಗೆ ಗೊತ್ತು, ಹಲ್ಲು ಚೆನ್ನಾಗಿದೆ ಅಂತ ಊಟದ ಮೇಜಲ್ಲಿ ಮಾತಾಡ್ತಿದ್ರು. ನಾನೇ ಬಡಿಸ್ತಿದ್ದೆ. ಸಾರಲ್ಲಿ ಉಗೀಬೇಕು ಅನ್ನಿಸ್ತು."

ಕೆಜಾಯ ತಂಬಿಗೆಯನ್ನು ಕೆಳಗಿಟ್ಟಳು.

"ಎಲ್ಲಿಗೆ ಅಂತ ಏನಾದ್ರೂ ಅಂದ್ರಾ?"

"ದಕ್ಷಿಣಕ್ಕೆ ಅಂದ್ರು. ನನ್ನ ಮಗನ್ನ ಕರ್ಕೊಂಡು ಹೋದಾಗ್ಲೂ ಹಂಗೇ ಅಂದಿದ್ರು. ದಕ್ಷಿಣ ಅಂದ್ರೆ ಒಂದು ಊರಾ? ಒಂಬತ್ತು ವರ್ಷ ಆಯ್ತು. ಬದುಕವ್ನಾ, ಸತ್ತವ್ನಾ, ಯಾವ ನದಿ ಆಚೆ ಅವ್ನೆ, ಒಂದೂ ಗೊತ್ತಿಲ್ಲ. ಗೊತ್ತಾದ್ರೆ ಕನಸಲ್ಲಾದ್ರೂ ಹೋಗಿಬರ್ತಿದ್ದೆ." ಸೂಕಿ ಅಡುಗೆಬಟ್ಟೆಯ ಅಂಚಿನಲ್ಲಿ ಮೂಗೊರೆಸಿಕೊಂಡಳು. "ಹೊಗೆ ಜಾಸ್ತಿ ಆಯ್ತು. ಹೋಗು ನೀನು, ಆ ಕಡ್ಡಿಮೂಳೆ ಗುಮಾಸ್ತ ಕಾಯ್ತಿರ್ತಾನೆ."

ಹಿತ್ತಲಿನಲ್ಲಿ ಲೆಟ್ಟಿ ಬಟ್ಟೆ ಹರವುತ್ತಿದ್ದಳು. ತಾಯಿಯನ್ನು ನೋಡಿ, "ಯಾಕಮ್ಮ, ಮುಖ ಹಿಂಗಿದೆ? ದೆವ್ವ ಕಂಡ್ಯಾ?" ಎಂದು ನಕ್ಕಳು. ಆ ನಗು ನೋಡಿಯೇ ಕೆಜಾಯಳಿಗೆ ಇನ್ನಷ್ಟು ಭಯವಾಯಿತು. ಹಲ್ಲು ಚೆನ್ನಾಗಿದ್ದದ್ದು ನಿಜ.

ಅವತ್ತು ಹನ್ನೊಂದು ಗಂಟೆಗೆ ಕಾಗದ ಸಿಕ್ಕಿತು.

ಸ್ಟಿಕ್ನಿ ಹಳೆಯ ಖಾನೆಯಿಂದ ಒಂದು ಹಿಡಿ ಕಾಗದ ಎತ್ತಿ ಮೇಜಿನ ಮೇಲೆ ಹರಡಿದ. ಅದರಲ್ಲಿ ಮೂಲೆಯಲ್ಲಿ ಹೆಬ್ಬೆರಳಿನ ಗುರುತಿದ್ದ ಹಾಳೆ ಕೆಜಾಯಳ ಕಣ್ಣಿಗೆ ಬಿತ್ತು. ಅವಳು ಕಿಟಕಿಯ ಗಾಜು ಒರೆಸತೊಡಗಿದಳು. ಸ್ಟಿಕ್ನಿ ಮೊದಲ ಸಾಲು ಓದಿದ. "ಕೌಂಟಿ ಕೋರ್ಟು..." ಎಂದು ಗೊಣಗಿಕೊಂಡ. ಕೌಂಟಿ ಕೋರ್ಟೆಂದರೆ ಸರ್ಕಾರವೇ? ಅಥವಾ ಮನೆಯ ಗದ್ದೆ ಬೇಲಿಯ ತಂಟೆಯೇ? ಕಾಗದ ಹಿಡಿದ ಕೈ ಪೆಟ್ಟಿಗೆಯ ಕಡೆ ಅರ್ಧ ಹೋಯಿತು, ವಾಪಸು ಬಂತು.

ಅಷ್ಟರಲ್ಲಿ ಬಾಗಿಲಲ್ಲಿ ರೇಷ್ಮೆ ಸರಬರ. ಪಕ್ಕದ ತೋಟದ ಶ್ರೀಮತಿ ಲವೀನಿಯ ಕಾರ್ಬಿನ್, ಕೈಯಲ್ಲಿ ಬಟ್ಟೆಹೊದಿಕೆಯ ಆಲ್ಬಮ್ ಹಿಡಿದು ಬಂದಿದ್ದಳು. ಆ ಕಾಲದಲ್ಲಿ ದೊಡ್ಡವರ ಸಹಿ ಕತ್ತರಿಸಿ ಆಲ್ಬಮ್ಮಿಗೆ ಅಂಟಿಸುವ ಹುಚ್ಚು ಹೆಂಗಸರಿಗೂ ಗಂಡಸರಿಗೂ ಒಂದೇ ಸಮ ಹಿಡಿದಿತ್ತು. ಪತ್ರ ಯಾರಿಗೆ ಬೇಕು, ಸಹಿ ಸಾಕು. ಟಾಲ್ಬರ್ಟ್ ಬಂದವರಿಗೆಲ್ಲ ಕೊಡಿ ಎಂದು ಅಪ್ಪಣೆ ಮಾಡಿಬಿಟ್ಟಿದ್ದ. ಬೇಡದ ಕಾಗದದಿಂದ ಸ್ಟಿಕ್ನಿ ಕತ್ತರಿಸಿ ಕೊಡುವನು.

"ಚಿಕ್ಕದು ಬೇಡಪ್ಪಾ," ಎಂದಳು ಆಕೆ. "ನಮ್ಮ ನಾದಿನಿ ಹತ್ರ ಎರಡಿಂಚಿಂದು ಇದೆ. ಅವಳ ಜಂಬ ಮುರೀಬೇಕು. ಮುದ್ರೆ ಇರೋದು ಏನಾದ್ರೂ ಸಿಗತ್ತಾ?"

"ಸಿಕ್ತು ನೋಡಿ," ಎಂದ ಸ್ಟಿಕ್ನಿ, ಕೈಯಲ್ಲಿದ್ದ ಕಾಗದದ ಬುಡ ನೋಡುತ್ತ. "ಇಂಥ ದಪ್ಪ ಸಹಿ ಈ ರಾಶೀಲಿ ಇನ್ನೊಂದಿಲ್ಲ. ಕೆಂಪರಗಿನ ಸಮೇತ."

ಬೇಡ ಅನ್ನಲು ಕೆಜಾಯ ಬಾಯಿ ತೆರೆದಳು. ಏನೆಂದು ಬೇಡ ಅನ್ನುವುದು? ನನಗೆ ಓದಲು ಬರುತ್ತದೆ ಎಂದೇ? ಕತ್ತರಿ ಕಚಕಚನೆ ಆ ತುದಿಯಿಂದ ಈ ತುದಿಗೆ ಹೋಯಿತು. ಸಹಿ, ಸಾಕ್ಷಿ, ಮುದ್ರೆ, ಎಲ್ಲ ಇದ್ದ ಪಟ್ಟಿ ಆಲ್ಬಮ್ಮಿನೊಳಗೆ ಸೇರಿತು. ಉಳಿದ ಹಾಳೆಯನ್ನು ಸ್ಟಿಕ್ನಿ ಎರಡನೆಯ ಸಲ ನೋಡದೆ ಬುಟ್ಟಿಗೆ ಬಿಟ್ಟ. ಅವನು ಕೆಟ್ಟವನಲ್ಲ. ನಾಲ್ಕು ಸಾವಿರ ಕಾಗದದಲ್ಲಿ ಅದೂ ಒಂದು.

ನಾಲ್ಕು ಗಂಟೆಗೆ ಅವಳು ಬುಟ್ಟಿ ಎತ್ತಿದಳು. ನಡುಮನೆಯಲ್ಲಿ ಹದಿನಾರು ಹೆಜ್ಜೆ. ಎಂಟನೆಯ ಹೆಜ್ಜೆಗೆ ದೊಡ್ಡ ಗಡಿಯಾರ, ಅದರ ಮರೆಯಲ್ಲಿ ಒಂದು ಉಸಿರಿನಷ್ಟು ಹೊತ್ತು ಯಾರಿಗೂ ಕಾಣಿಸುವುದಿಲ್ಲ. ಅಷ್ಟರಲ್ಲಿ ಹೆಬ್ಬೆರಳಿನ ಗುರುತಿನ ಹಾಳೆ ಅವಳ ರವಿಕೆಯೊಳಗಿತ್ತು. ಟಾಲ್ಬರ್ಟನ ಮುಂದೆ ಬುಟ್ಟಿ ಇಟ್ಟು ಬಾಗಿದಾಗ ಕಾಗದ ಚರ್‍ರೆಂದಿತು. ಆತ ತಲೆ ಎತ್ತಿದ.

"ಏನದು?"

"ಬುಟ್ಟಿ ಕಡ್ಡಿ ಧಣಿ. ಮುರಿದಿದೆ."

"ಬೇರೆ ತಗೋ ನಾಳೆ," ಎಂದು ಆತ ಬೆಂಕಿಯ ಕಡೆ ತಿರುಗಿದ. ಕೆಜಾಯಳಿಗೆ ಹೋದ ಜೀವ ಬಂದಂತಾಯಿತು, ಅದೂ ಪೂರ್ತಿ ಬರಲಿಲ್ಲ.

ಆ ಹಾಳೆ ಮೈಗೆ ತಾಗಿಕೊಂಡಿದ್ದಷ್ಟು ಹೊತ್ತೂ ಅವಳಿಗೆ ಕೆಂಡ ಕಟ್ಟಿಕೊಂಡಂತಿತ್ತು. ಧಣಿಯ ಕಾಗದ ಕದ್ದ ಗುಲಾಮಳಿಗೆ ಏನಾಗುತ್ತದೆಂದು ಹೇಳುವವರು ಬೇಕಿರಲಿಲ್ಲ. ಪಾದ್ರಿಗೆ ಕೊಡೋಣವೆಂದರೆ ಸಹಿಯಿಲ್ಲದ ಕಾಗದ, ಪಾದ್ರಿ ಅದನ್ನು ನೇರ ಟಾಲ್ಬರ್ಟನ ಕೈಗೇ ಮುಟ್ಟಿಸಿಯಾನು. ಲೆಟ್ಟಿಯನ್ನು ಓಡಿಸೋಣವೆಂದರೆ ನಾಯಿಗಳಿವೆ. ಅತ್ತ ದರಿ, ಇತ್ತ ಪುಲಿ. ಈ ಕಾಗದವನ್ನು ಹೆದರದೆ ಹಿಡಿಯಬಲ್ಲ ಕೈ ಒಂದೇ, ಅದು ಸರ್ಕಾರದ ಕೈ. ಬುಧವಾರ ಸರ್ಕಾರದ ಕಡೆಯಿಂದ ಮೇಜರ್ ಜೋಸೈಯ ಹ್ಯಾಲೆಟ್ ಬರುವವನಿದ್ದ. ಪಟ್ಟಿ ಇಟ್ಟುಕೊಂಡು ಪ್ರತಿ ಕಟ್ಟನ್ನೂ ಬಿಚ್ಚಿ ಕಾಗದ ಎಣಿಸಿ ರುಜು ಹಾಕುತ್ತಾನಂತೆ. 'ಎಣಿಸೋದೊಂದೇ ಕಸುಬು ಅವನಿಗೆ' ಎಂದು ಸ್ಟಿಕ್ನಿ ನಗಾಡಿದ್ದ. ಬುಧವಾರ ಬೆಳಿಗ್ಗೆ ಆರನೆಯ ಕಟ್ಟಿಗೆ ಕೆಂಪು ಪಟ್ಟಿ ಬಿಗಿಯುವಾಗ ಕೆಜಾಯ ಆ ಹಾಳೆಯನ್ನು ನಡುವೆ ತೂರಿಸಿಬಿಟ್ಟಳು.

ಮೇಜರ್ ಹ್ಯಾಲೆಟ್ ಮುದುಕ, ಒಂದು ಕಾಲು ಕುಂಟು, ಮೂಗಿನ ತುದಿಯಲ್ಲಿ ಕನ್ನಡಕ. ಮಧ್ಯಾಹ್ನದವರೆಗೆ ಐದು ಕಟ್ಟು ಎಣಿಸಿದ. ಮೋಡ ಮುಚ್ಚಿ ಕೋಣೆ ಮಬ್ಬಾಗಿತ್ತು, ಮೇಜರಿಗೆಂದು ಅವತ್ತು ಪುಸ್ತಕದ ಕೋಣೆಯಲ್ಲೂ ಬೆಂಕಿ ಹಾಕಿದ್ದರು. ಟಾಲ್ಬರ್ಟ್ ಆಕಳಿಸುತ್ತ ಬೆಂಕಿಗೂಡಿಗೆ ಒರಗಿ ನಿಂತಿದ್ದ. ಕೆಜಾಯ ಗೋಡೆಗಂಟಿ ನಿಂತು, ಮುದುಕ ಹೆಬ್ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುವುವುದನ್ನು ಎಣಿಸುತ್ತಿದ್ದಳು. ಐವತ್ತೆಂಟು. ಅರವತ್ತು. ಅರವತ್ತೆರಡು.

"ಅರವತ್ತಮೂರು," ಎಂದ ಮೇಜರ್. "ಪಟ್ಟೀಲಿ ಅರವತ್ತೆರಡು ಅಂತಿದೆಯಲ್ಲಪ್ಪ."

"ನನ್ನ ತಪ್ಪಿರಬೇಕು ಸ್ವಾಮಿ," ಎಂದ ಸ್ಟಿಕ್ನಿ. "ಬರ್ಕೊಂಡುಬಿಡಿ ಮೂರು ಅಂತ."

"ಹಂಗೆಲ್ಲ ಬರ್ಕೊಳಕ್ಕಾಗಲ್ಲ. ಕಡಿಮೆಯಾದ್ರೆ ಹುಡುಕ್ತೀನಿ, ಹೆಚ್ಚಾದ್ರೆ ಓದ್ತೀನಿ. ಮೂವತ್ತು ವರ್ಷದಿಂದ ಹಿಂಗೇ." ಮುದುಕ ಮತ್ತೆ ಮೊದಲಿನಿಂದ ಪಟ್ಟಿಗೆ ಹೊಂದಿಸುತ್ತ ಬಂದು, ಹೆಬ್ಬೆರಳಿನ ಗುರುತಿನ ಹಾಳೆಯನ್ನು ಹೊರಗೆಳೆದ. ಓದಿದ. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಓದಿದ. "ಟಾಲ್ಬರ್ಟ್ ಅವರೇ, ಲೆಟಿಸ್ ಅನ್ನೋ ಹುಡುಗಿ ಇಲ್ಲಿದಾಳಾ?"

ಟಾಲ್ಬರ್ಟ್ ಬಂದು ಕಾಗದ ಇಸಿದುಕೊಂಡ. ಓದುತ್ತ ಹೋದಂತೆ ಅವನ ಆಕಳಿಕೆ ನಿಂತಿತು. ಮುಖ ಮಾತ್ರ ಬದಲಾಗಲಿಲ್ಲ, ಅದೇ ಕೆಜಾಯಳಿಗೆ ಹೆಚ್ಚು ಹೆದರಿಕೆ ತಂದದ್ದು.

"ಕರಡು," ಎಂದ. "ನಮ್ಮ ದೊಡ್ಡಪ್ಪ ಇಂಥವು ನೂರು ಬರೀತಿದ್ರು. ಮನಸ್ಸು ಬದಲಾಯ್ಸಿದ್ರು, ಸಹಿ ಹಾಕಲಿಲ್ಲ. ಅಷ್ಟೆ. ಇದು ಖಾಸಗಿ ರಾಶಿದು ಮೇಜರ್, ತಪ್ಪಿ ಬಂದಿದೆ." ಕಾಗದ ಹಿಡಿದ ಕೈ ಬೆಂಕಿಯ ಕಡೆ ಇಳಿಯಿತು.

ಕೆಜಾಯ ಸ್ಟಿಕ್ನಿಯ ಮುಖ ನೋಡಿದಳು. ಅವನು ಕತ್ತರಿಯನ್ನೇ ನೋಡುತ್ತಿದ್ದ. ಅವನಿಗೆ ಈಗ ನೆನಪಾಗಿತ್ತು, ಕಿವಿ ಕೆಂಪಾಗಿದ್ದವು. ಆದರೆ ಕೆಲಸದ ಭಯವೋ ಧಣಿಯ ಭಯವೋ, ಬಾಯಿ ಬಿಡಲಿಲ್ಲ. ಆ ಕೋಣೆಯಲ್ಲಿ ಹೆದರಿದ್ದು ತಾನೊಬ್ಬಳೇ ಅಲ್ಲ ಎಂದು ಅವಳಿಗೆ ತಿಳಿಯಿತು. ಅದರಿಂದ ಸಮಾಧಾನವೇನೂ ಆಗಲಿಲ್ಲ.

"ಸಹಿ ಇತ್ತು ಧಣಿ," ಎಂದಳು.

ಮೂವರೂ ತಿರುಗಿದರು. ಕುರ್ಚಿ ಮಾತಾಡಿದ್ದರೂ ಅಷ್ಟು ಆಶ್ಚರ್ಯವಾಗುತ್ತಿರಲಿಲ್ಲ.

"ನಾನೇ ಪ್ರತಿ ಒತ್ತಿದ್ದು. ಅದು ಪ್ರತಿಪುಸ್ತಕದಲ್ಲಿದೆ. ಸಹಿ ಆಗದೆ ದೊಡ್ಡ ಧಣಿಗಳು ಯಾವ ಕಾಗದಾನೂ ಒತ್ತಿಸ್ತಿರಲಿಲ್ಲ."

"ಪುಸ್ತಕ ತಗೊಂಬಾ," ಎಂದ ಮೇಜರ್.

"ನಾಳೆ ನೋಡಿದ್ರಾಯ್ತು, ಬೆಳಕಿಲ್ಲ," ಎಂದ ಟಾಲ್ಬರ್ಟ್.

"ಇವತ್ತಿನ ಕಟ್ಟು ಇವತ್ತೇ ಮುಗೀಬೇಕು."

ಅವಳು ಪುಸ್ತಕ ತಂದು ಕೊನೆಯ ಎಲೆಗಳಲ್ಲೊಂದನ್ನು ತೆರೆದಿಟ್ಟಳು. ಮೇಜರ್ ಕಣ್ಣು ಕಿರಿದು ಮಾಡಿ ನೋಡಿದ. ಕಿಟಕಿಗೆ ಹಿಡಿದು ನೋಡಿದ. ಅರ್ಧ ಆರಿದ ಶಾಯಿಯ ಪ್ರತಿ, ಹಿಂದಿನಿಂದ ಏನೂ ಕಾಣದು, ಬೂದಿ ಉಜ್ಜಿದಂತೆ ಕೆಲವು ಗೆರೆ. "ಬರೀ ಮಸುಕು," ಎಂದ. ಟಾಲ್ಬರ್ಟ್ ಬಗ್ಗಿ ನೋಡಿ, ತುಟಿಯಂಚಿನಲ್ಲಿ ನಕ್ಕು, "ನಾನು ಹೇಳಲಿಲ್ವಾ," ಎಂದು ಪುಸ್ತಕ ಮುಚ್ಚಲು ಕೈ ಚಾಚಿದ. ಇನ್ನೊಂದು ಕೈಯಲ್ಲಿ ಕಾಗದ ಇನ್ನೂ ಬೆಂಕಿಯ ಮೇಲೆಯೇ ಇತ್ತು.

ಒತ್ತಿದ ಮಗ್ಗುಲಿನಲ್ಲಿ ಶಾಯಿ ಕಪ್ಪಗೆ ನಿಂತಿರುತ್ತದೆ. ಕೆಜಾಯಳಿಗೆ ಅದು ಗೊತ್ತಿತ್ತು. ಇನ್ನೊಂದು ಕ್ಷಣ ಬಿಟ್ಟರೆ ಲೆಟ್ಟಿ ಹೋದಳು, ಅದೂ ಗೊತ್ತಿತ್ತು. ಓದಿದರೆ ತಾನು ಹೋದೆ ಎಂಬುದೂ ಗೊತ್ತಿತ್ತು. ಎಲೆಯನ್ನು ಮಗುಚಿ, ತಿರುಗುಮುರುಗಾದ ಅಕ್ಷರದ ಮೇಲೆ ಬೆರಳಿಟ್ಟು, ಅವಳು ಬಲದಿಂದ ಎಡಕ್ಕೆ ಓದತೊಡಗಿದಳು.

ಜೂಬನ ಹೆಸರು ಬಂತು, ಹೊಳೆ ಬಂತು, ಪೆಟ್ಟಿಗೆ ಬಂತು. ಗಂಡನ ಸಾವನ್ನು ಗಟ್ಟಿಯಾಗಿ ಓದುವುದು ಅದೇ ಮೊದಲು, ಆದರೂ ನಿಲ್ಲಿಸಲಿಲ್ಲ. ಲೆಟಿಸ್ ಬಂತು. ದಿನಾಂಕ, ಸಹಿ, ಪಾದ್ರಿ, ಡಾಕ್ಟರು. ಮೇಜರ್ ಕಾಗದಕ್ಕಾಗಿ ಕೈ ಚಾಚಿದ, ಟಾಲ್ಬರ್ಟ್ ಕೊಡದೆ ವಿಧಿಯಿರಲಿಲ್ಲ. ಅವಳು ಓದಿದ್ದಕ್ಕೂ ಮೂಲಪತ್ರದಲ್ಲಿ ಉಳಿದಿದ್ದ ಬರಹಕ್ಕೂ ಒಂದಕ್ಷರ ಹೆಚ್ಚುಕಡಿಮೆ ಇರಲಿಲ್ಲ.

"ಒಂದು ಕನ್ನಡಿ ತರಿಸಿ," ಎಂದ ಮುದುಕ ಮೆಲ್ಲಗೆ.

ಕನ್ನಡಿ ಬಂತು. ಅದರಲ್ಲಿ ಎಲ್ಲವೂ ನೆಟ್ಟಗೆ, ಸಹಿಯೂ ಸಾಕ್ಷಿಯೂ ಮುದ್ರೆಯ ದುಂಡು ಕಲೆಯೂ ಸಮೇತ ಕಂಡಿತು. ಆ ಮನೆಯಲ್ಲಿ ಕೋಣೆಗೊಂದು ಕನ್ನಡಿಯಿತ್ತು. ಐದು ನಿಮಿಷ ಮುಂಚೆ ಅದು ಯಾರಿಗಾದರೂ ಹೊಳೆದಿದ್ದರೆ ಅವಳು ಬಾಯಿ ಬಿಡುವ ಅಗತ್ಯವೇ ಇರಲಿಲ್ಲ. ಅದನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

"ಬುಡ ಕತ್ತರಿಸಿದವರು ಯಾರು?" ಎಂದು ಮೇಜರ್ ಕೇಳಿದ. ಕಾಗದದ ತುದಿ ಕತ್ತರಿಯ ಗೆರೆಯಂತೆ ನೇರವಾಗಿತ್ತು.

"ನಾನೇ ಸ್ವಾಮಿ," ಎಂದ ಸ್ಟಿಕ್ನಿ, ಅಳುವವನ ಹಾಗೆ. "ಕಾರ್ಬಿನ್ ಅಮ್ಮನೋರ ಆಲ್ಬಮ್ಮಲ್ಲಿದೆ. ನಾನು ಓದಿರಲಿಲ್ಲ."

"ಓದೋ ಕೆಲಸದವನು ಓದ್ಲಿಲ್ಲ, ಓದಬಾರದವಳು ಓದಿದ್ಲು. ಚೆನ್ನಾಗಿದೆ." ಮೇಜರ್ ಎದ್ದ. "ಸರ್ಕಾರದ ಪೆಟ್ಟಿಗೆ ಉಳಿಸೋಕೆ ಪ್ರಾಣ ಕೊಟ್ಟವನ ವಿಚಾರ ಇದು, ಟಾಲ್ಬರ್ಟ್ ಅವರೇ. ಇದು ಸರ್ಕಾರಿ ಕಾಗದ, ಈ ಕಟ್ಟಲ್ಲೇ ಇರತ್ತೆ. ಆ ಸಹಿ ಚೂರೂ ಪ್ರತಿಪುಸ್ತಕಾನೂ ತಗೊಂಡು ನಾನೇ ಕೋರ್ಟಿಗೆ ಹೋಗ್ತೀನಿ, ಹುಡುಗೀನೂ ಕರ್ಕೊಂಡು. ದೊಡ್ಡಪ್ಪನ ಮಾತಿಗೆ ನಿಮ್ಮ ಅಡ್ಡಿ ಇಲ್ಲ ಅಂತ ಅಂದ್ಕೊಳ್ಲಾ?"

ಟಾಲ್ಬರ್ಟನಿಗೆ ಊರಮಂದಿಯ ಮುಂದೆ ಮರ್ಯಾದೆ ದೊಡ್ಡದು. "ಖಂಡಿತ ಇಲ್ಲ," ಎಂದ. ಆಮೇಲೆ ಕೆಜಾಯಳ ಕಡೆ ತಿರುಗಿ, ನೆಂಟರನ್ನು ವಿಚಾರಿಸುವಷ್ಟು ಮೃದುವಾಗಿ ಕೇಳಿದ. "ಓದೋದು ಯಾರು ಹೇಳ್ಕೊಟ್ರು ನಿಂಗೆ?"

"ಯಾರೂ ಇಲ್ಲ ಧಣಿ. ತಿರುಪು ತಿರುಗಿಸ್ತಾ ತಿರುಗಿಸ್ತಾ ಬಂತು."

"ಓಹೋ," ಎಂದ ಆತ. ಅಷ್ಟೇ.

ಲೆಟ್ಟಿಯನ್ನು ಮೇಜರನ ಗಾಡಿಗೆ ಹತ್ತಿಸುವಾಗ ಬಟ್ಟೆಗಂಟು ಬಿಟ್ಟರೆ ಅವಳ ಹತ್ತಿರ ಏನೂ ಇರಲಿಲ್ಲ. ಬಿಡುಗಡೆಯಾದವರು ವರ್ಷದೊಳಗೆ ವರ್ಜೀನಿಯ ಬಿಡಬೇಕೆಂಬುದು ಕಾನೂನು. ಒಂದು ದಿನವೂ ಕಾಯುವುದು ಬೇಡ, ಫಿಲಡೆಲ್ಫಿಯದಲ್ಲಿ ತನ್ನ ತಂಗಿಯ ಮನೆಗೆ ಹೊಲಿಗೆಯವಳು ಬೇಕು ಎಂದು ಮುದುಕ ಹೇಳಿದ್ದ.

"ದುಡಿದು ಕೂಡಿಟ್ಟು ಬಂದು ನಿನ್ನ ಬಿಡಿಸ್ಕೊಂಡು ಹೋಗ್ತೀನಮ್ಮ," ಎಂದು ಲೆಟ್ಟಿ ತಾಯಿಯ ಕೈ ಬಿಡಲಿಲ್ಲ.

"ಬರುವಿಯಂತೆ."

"ಇಲ್ಲೇ ಇರ್ತೀಯಾ ತಾನೆ?"

ಕೆಜಾಯ ಮಗಳ ಕೊರಳಪಟ್ಟಿ ಸರಿಮಾಡಿದಳು. ಗಾಡಿ ಮರೆಯಾದಾಗ ಸಂತೋಷಪಡಬೇಕೆಂದುಕೊಂಡಳು, ಆಗಲಿಲ್ಲ. ಮಗಳ ಮೇಲಿನ ಭಯ ಇಳಿದ ಜಾಗಕ್ಕೆ ತನ್ನ ಮೇಲಿನ ಭಯ ಬಂದು ಕೂತಿತ್ತು. ಸೂಕಿ ಹೇಳಿದ ಮಾತೇ ಕಿವಿಯಲ್ಲಿ. ದಕ್ಷಿಣ ಅಂದರೆ ಒಂದು ಊರಾ?

ಗುರುವಾರ ಬೆಳಿಗ್ಗೆ ಟಾಲ್ಬರ್ಟ್ ಅವಳನ್ನು ಪುಸ್ತಕದ ಕೋಣೆಗೆ ಕರೆದ. ಸ್ಟಿಕ್ನಿ ಇರಲಿಲ್ಲ. ಸರ್ಕಾರಿ ಪೆಟ್ಟಿಗೆ ಮುಚ್ಚಳ ತೆರೆದುಕೊಂಡು ಬಡಗಿಗಾಗಿ ಕಾಯುತ್ತಿತ್ತು, ಒಂಬತ್ತಕ್ಕೆ ಮೇಜರನ ಬಂಡಿ ಬರುವುದಿತ್ತು. ಟಾಲ್ಬರ್ಟ್ ಪತ್ರ ಬರೆದು ಮುಗಿಸಿ ಶಾಯಿ ಆರಿಸುವ ಮರಳು ಕೂಡ ಉದುರಿಸದೆ ಅವಳ ಕಡೆ ತಳ್ಳಿದ.

"ಒತ್ತು."

ಅವಳು ಹಾಳೆ ನೆನೆಸಿದಳು. ಹಾಸಿ, ಯಂತ್ರಕ್ಕಿಟ್ಟು, ತಿರುಪು ಬಿಗಿದು, ಎಂದಿನಂತೆ ಹತ್ತು ಎಣಿಸಿ, ಎತ್ತಿದಳು.

"ಮಗುಚಬೇಡ. ನಿನ್ನ ಕಡೆಯಿಂದ ಓದು. ಗಟ್ಟಿಯಾಗಿ."

ಅವಳು ಹಾಳೆಯನ್ನು ಬೆಳಕಿಗೆ ಹಿಡಿದಳು. "'ಶ್ರೀ ರೂಫಸ್ ಗಾಲ್ಟ್ ಅವರಿಗೆ. ಮಾತಾಗಿದ್ದ ಹುಡುಗಿಯ ಬದಲು ಅವಳ ತಾಯಿ ಕೆಜಾಯಳನ್ನು ಕಳಿಸುತ್ತಿದ್ದೇನೆ. ಮಿಸಿಸಿಪ್ಪಿಯಲ್ಲಿ ನ್ಯಾಚೆಜ್ ಊರಿನ ಕೆಳಗೆ, ಹಾರ್ವುಡ್ ಅವರ ಹತ್ತಿ ತೋಟಕ್ಕೆ ಇವಳು ಸೇರತಕ್ಕದ್ದು. ಮನೆಯೊಳಗಿನ ಕೆಲಸಕ್ಕೆ ಹಚ್ಚಬಾರದು, ಕಾಗದದ ಹತ್ತಿರ ಬಿಡಬಾರದು.'"

"ಅಕ್ಷರ ಕಲಿತರೆ ಏನು ಲಾಭ ಅಂತ ಗೊತ್ತಾಯ್ತಾ," ಎಂದು ಟಾಲ್ಬರ್ಟ್ ಅವಳ ಕೈಯಿಂದ ಪ್ರತಿಯನ್ನು ಕಿತ್ತು ಬೆಂಕಿಗೆ ಹಾಕಿದ. ಪ್ರತಿಗಳು ಏನು ಮಾಡಬಲ್ಲವೆಂದು ಅವನೂ ನಿನ್ನೆ ಕಲಿತಿದ್ದ. ಪತ್ರ ಆರಲೆಂದು ಮೇಜಿನ ಮೇಲೆಯೇ ಬಿಟ್ಟು, ಗಾಲ್ಟನ ಆಳನ್ನು ಕೂಗಲು ಹೊರಜಗುಲಿಗೆ ಹೋದ.

ಅವನು ಎಂದೂ ತಿರುಪು ತಿರುಗಿಸಿದವನಲ್ಲ. ಬಟ್ಟಲಿನಲ್ಲಿ ಇನ್ನೊಂದು ಹಾಳೆ ನೆನೆದಿತ್ತು.

ಜಗುಲಿಯಲ್ಲಿ ಅವನ ಬೂಟಿನ ಸದ್ದು ಆ ತುದಿಗೆ ಹೋಯಿತು. ಕೆಜಾಯ ಹಾಳೆ ಹಾಸಿದಳು, ಯಂತ್ರಕ್ಕಿಟ್ಟಳು. ತಿರುಪು ಕಿರ್‍ರೆನ್ನುತ್ತದೆಂದು ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅದರ ಮೇಲೆ ಸಿಟ್ಟು ಬಂತು. ಎರಡೂ ಕೈಯಿಂದ, ಇಡೀ ಮೈಭಾರ ಹಾಕಿ ಬಿಗಿದಳು. ಒಂದು, ಎರಡು, ಮೂರು. ಬೂಟಿನ ಸದ್ದು ತಿರುಗಿತು. ಏಳು, ಎಂಟು. ಹತ್ತು ಎಣಿಸದೆ ಎತ್ತಿದರೆ ಅಕ್ಷರ ಇಳಿಯುವುದಿಲ್ಲ. ಹತ್ತನ್ನೂ ಎಣಿಸಿಯೇ ಎತ್ತಿದಳು. ಮಂಕಾಗಿತ್ತು. ನ್ಯಾಚೆಜ್ ಓದಬಹುದಿತ್ತು, ಹಾರ್ವುಡ್ ಓದಬಹುದಿತ್ತು, ಅವಳ ಹೆಸರೂ ಓದಬಹುದಿತ್ತು.

ಟಾಲ್ಬರ್ಟ್ ಒಳಗೆ ಬಂದಾಗ ಪತ್ರ ಮೇಜಿನ ಮೇಲೆ ಇದ್ದಲ್ಲೇ ಇತ್ತು. ಕೆಜಾಯ ಪೆಟ್ಟಿಗೆಯ ಮುಂದೆ ಮೊಣಕಾಲೂರಿ ಆರನೆಯ ಕಟ್ಟಿಗೆ ಕೆಂಪು ಪಟ್ಟಿ ಬಿಗಿಯುತ್ತಿದ್ದಳು.

"ಅದೇನು ಮಾಡ್ತಿದೀಯ?"

"ನಿನ್ನೆ ಬಿಚ್ಚಿದ್ದ ಕಟ್ಟು ಧಣಿ. ಸಡಿಲ ಆಗಿತ್ತು."

ಆತ ಪತ್ರ ಮಡಿಸಿ ಅರಗು ಹಚ್ಚಿದ. ಬಡಗಿ ಬಂದು ಮುಚ್ಚಳಕ್ಕೆ ಮೊಳೆ ಹೊಡೆಯತೊಡಗಿದ. ಗಾಲ್ಟನ ಆಳು ಅವಳ ಮಣಿಕಟ್ಟಿಗೆ ಹಗ್ಗ ಹಾಕಿದ. ನ್ಯಾಚೆಜ್ ಎಷ್ಟು ದೂರವೋ, ಅಲ್ಲಿ ಎಷ್ಟು ವರ್ಷ ಬದುಕುವಳೋ, ಅವಳಿಗೆ ಗೊತ್ತಿರಲಿಲ್ಲ. ಪಟ್ಟಿಯಲ್ಲಿ ಆರನೆಯ ಕಟ್ಟಿನ ಮುಂದೆ ಮೇಜರ್ ತನ್ನ ಕೈಯಿಂದಲೇ ಅರವತ್ತಮೂರು ಎಂದು ತಿದ್ದಿ ರುಜು ಹಾಕಿದ್ದ. ಕಟ್ಟಿನಲ್ಲಿ ಈಗ ಅರವತ್ತನಾಲ್ಕಿದ್ದವು. ಮುದುಕ ರಾಜಧಾನಿಯಲ್ಲಿ ಪೆಟ್ಟಿಗೆ ಬಿಚ್ಚುತ್ತಾನೆ, ಮತ್ತೆ ಎಣಿಸುತ್ತಾನೆ. ಕಡಿಮೆಯಾದರೆ ಹುಡುಕುತ್ತಾನೆ, ಹೆಚ್ಚಾದರೆ ಓದುತ್ತಾನೆ. ಲೆಟ್ಟಿ ಎಲ್ಲಿದ್ದಾಳೆಂದು ಅವನಿಗೆ ಗೊತ್ತು.